ನಮ್ಮ ದೊಡ್ಡಪ್ಪನ ಒಂಬತ್ತನೇ ಕುಳಿ

ನಮ್ಮ ದೊಡ್ಡಪ್ಪನ ತಲೆಯಲ್ಲಿ ಒಂಬತ್ತು ತೂತುಗಳಿದ್ದವು ಅಂದರೆ ನೀವು ನನ್ನನ್ನು ಅಧಿಕಪ್ರಸಂಗಿ ಅಂತೀರಿ. ಅನ್ನಿ, ಅಡ್ಡಿಯಿಲ್ಲ. ಆದರೆ ಈ ಮಾತು ನನ್ನದಲ್ಲ, ಅವರನ್ನು ಕಟ್ಟಿಕೊಂಡ ದೊಡ್ಡಮ್ಮನದು. ಬೇರೆಯವರ ತಲೆಯಲ್ಲಿ ಮನೆ, ಮಕ್ಕಳ ಮದುವೆ, ಊರಿನ ರಾಜಕೀಯ ಎಲ್ಲ ತುಂಬಿಕೊಂಡಿರುತ್ತದಲ್ಲ, ದೊಡ್ಡಪ್ಪನ ತಲೆಯಲ್ಲಿ ಬರೀ ಗಾಲ್ಫ್ ಆಟದ ಒಂಬತ್ತು ಕುಳಿಗಳು ತುಂಬಿಕೊಂಡಿದ್ದವು. ಅದರಲ್ಲಿ ಎಂಟು ಸರಿಯಾಗಿದ್ದವು. ಒಂಬತ್ತನೆಯದು ತಕರಾರಿನದು. ನಾನು ಹೇಳಹೊರಟಿರುವುದು ಅದರದ್ದೇ ಕಥೆ.

ಅರವತ್ತರ ದಶಕದ ಸಾಗರದಲ್ಲಿ ಗಾಲ್ಫ್ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ದೊಡ್ಡಪ್ಪನ ಹೆಗಲ ಮೇಲೆ ಬಂತು. ತೀರ್ಥಹಳ್ಳಿ ಕಡೆ ಹುಟ್ಟಿದ ಅವರು ಹದಿನೆಂಟು ವರ್ಷ ಘಟ್ಟದ ಒಂದು ಕಾಫಿ ತೋಟದಲ್ಲಿ, ಬಿಳಿ ದೊರೆಗಳ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಮೇಸ್ತ್ರಿ ಆಗಿದ್ದರು. ನೆಲ ಅಗೆದದ್ದು, ಹುಲ್ಲು ಹಾಕಿದ್ದು, ಎಲ್ಲಿ ಕುಳಿ ಬೇಕು ಎಲ್ಲಿ ಮರಳು ಬೇಕು ಅಂತ ಹೇಳಿಕೊಟ್ಟದ್ದು ಎಲ್ಲ ಇವರೇ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲವೂ ಇವರಿಗೆ ಕೋಲು ಹಿಡಿದು ಚೆಂಡು ಹೊಡೆಯಲು ಬಿಟ್ಟಿರಲಿಲ್ಲ. ಹೊರಗಿನಿಂದ ಬಂದವರು "ಈ ಮೂರನೇ ಕುಳಿ ಬಹಳ ಚೆನ್ನಾಗಿದೆ, ಮಾಡಿದ್ದು ಯಾರು?" ಅಂತ ಕೇಳಿದರೆ ದೊರೆ ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದನಂತೆ. ದೊಡ್ಡಪ್ಪ ಅಲ್ಲೇ ಪಕ್ಕದಲ್ಲಿ ಕುಕ್ಕೆ ಹಿಡಿದು ನಿಂತಿರುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಅವರ ಧ್ವನಿ ಸಣ್ಣದಾಗುತ್ತಿತ್ತು.

ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಐದು ಕೋಲು, ಹನ್ನೊಂದು ಚೆಂಡು ಇದ್ದ ಒಂದು ಹಳೆಯ ಚೀಲವನ್ನು ಇವರಿಗೆ ಕೊಟ್ಟ. ದೊಡ್ಡಪ್ಪ ಚೀಲ ಹೊತ್ತುಕೊಂಡು ಸೀದಾ ಸಾಗರಕ್ಕೆ ಬಂದರು. ಇಕ್ಕೇರಿಗೆ ಹೋಗುವ ರಸ್ತೆಯ ಪಕ್ಕ ದೊಡ್ಡಮ್ಮನ ತವರಿನವರು ಕೊಟ್ಟ ಒಂದು ಬ್ಯಾಣ ಇತ್ತು. ಬ್ಯಾಣ ಅಂದರೆ ಏನೂ ಬೆಳೆಯದ, ದನ ಮೇಯುವ ಹುಲ್ಲುಗಾವಲು. ಅಲ್ಲಿ ಒಂಬತ್ತು ಕುಳಿ ತೋಡಿದರು. ಪ್ರತಿ ಕುಳಿಯಲ್ಲೂ ಒಂದೊಂದು ಹಾಲಿನ ಪುಡಿಯ ಖಾಲಿ ಡಬ್ಬ ಹೂತರು. ಪಕ್ಕಕ್ಕೊಂದು ಬಿದಿರಿನ ಗಳ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದರು. ದೂರದಿಂದ ಚೆಂಡು ಹೊಡೆಯುತ್ತಾ ಬಂದು, ಆದಷ್ಟು ಕಡಿಮೆ ಹೊಡೆತದಲ್ಲಿ ಡಬ್ಬದೊಳಗೆ ಕೆಡವಬೇಕು. ಆಟ ಇಷ್ಟೇ. ಇಷ್ಟಕ್ಕೆ ಒಂದು ಜನ್ಮ ಬೇಕಾ ಅಂತ ದೊಡ್ಡಮ್ಮ ಕೇಳುತ್ತಿದ್ದರು. ಸಾಲದು ಅಂತ ಇವರು ಹೇಳುತ್ತಿದ್ದರು.

ನಾನು ಆಗ ಸಾಗರದ ಪ್ರಾಥಮಿಕ ಶಾಲೆಯಲ್ಲಿ ಹೊಸದಾಗಿ ಮೇಡಂ ಆಗಿದ್ದೆ. ಇವರ ಮನೆಯಲ್ಲೇ ಇದ್ದೆ. ಆದ್ದರಿಂದ ಭಾನುವಾರ ಹೊಡೆತ ಎಣಿಸಿ ಬರೆದುಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಆಡಲು ಬರುತ್ತಿದ್ದವರು ಮುಖ್ಯವಾಗಿ ಒಬ್ಬರೇ, ಹೊಸನಗರದ ಹೋಮಿಯೋಪತಿ ಡಾಕ್ಟರು. ಬೆಳಗಿನ ಬಸ್ಸಿಗೆ ಬಂದು, ನಮ್ಮಲ್ಲಿ ತಿಂಡಿ ತಿಂದು, ಆಡಿ, ಸೋತು, ಸಂಜೆ ಬಸ್ಸಿಗೆ ಹೋಗುತ್ತಿದ್ದರು.

ದೊಡ್ಡಪ್ಪನಿಗೆ ಒಂದು ಸಿದ್ಧಾಂತ ಇತ್ತು. ಕುಳಿ ಕಷ್ಟ ಕೊಡಬಹುದು, ಮೋಸ ಮಾಡಬಾರದು. ಕಣ್ಣಿಗೆ ಕಾಣುವ ಕಷ್ಟ ಆಟ, ಕಾಣದ ಹಾಗೆ ಇಟ್ಟ ಕಷ್ಟ ಅನ್ಯಾಯ. ಹೊಡೆಯುವ ಮೊದಲು ಕುಳಿಯ ತನಕ ನಡೆದು ನೋಡಿ ಬರುವುದು ಆಟಗಾರನ ಧರ್ಮ. ನಡೆದು ಬಂದವನಿಗೆ ಎಲ್ಲವೂ ಕಾಣುವ ಹಾಗೆ ಇಡುವುದು ಕುಳಿ ಮಾಡಿದವನ ಧರ್ಮ. ಇದನ್ನು ನಾನು ಎಷ್ಟು ಸಲ ಕೇಳಿದ್ದೆ ಅಂದರೆ, ಶಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ಬಾಯಿಗೆ ಇದೇ ಬರುತ್ತಿತ್ತು.

ಮೂರನೇ ಕುಳಿಯ ದಾರಿಯಲ್ಲಿ ಒಂದು ಹುತ್ತ ಇತ್ತು, ನನ್ನ ಎದೆಮಟ್ಟದ್ದು. ಹೆಂಗಸರು ಹಾಲೆರೆಯುವ ಹುತ್ತ. ಚೆಂಡು ಅದರೊಳಗೆ ಹೋದರೆ ಕೈಹಾಕುವ ಗಂಡಸು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಹನ್ನೊಂದು ಚೆಂಡು ಎಂಟಾದದ್ದು ಹೀಗೆ. ಡಾಕ್ಟರು ತಕರಾರು ತೆಗೆದರು.

"ಇದು ಅನ್ಯಾಯ ಅಲ್ವಾ? ಹೋದ ವರ್ಷ ಇಷ್ಟು ಎತ್ತರ ಇರ್ಲಿಲ್ಲ ಇದು."

"ಎದುರಿಗೇ ಕಾಣ್ತಿದೆಯಲ್ಲ ಡಾಕ್ಟ್ರೇ. ಪಕ್ಕದಿಂದ ಹೋಗಿ."

"ಒಳಗಿರೋದು ಕಾಣ್ತದಾ?"

"ಅದು ಆಟಕ್ಕೆ ಬರಲ್ಲ. ಅದಕ್ಕೆ ಅದರದ್ದೇ ಕೆಲಸ ಇದೆ."

ಆರನೇ ಕುಳಿಯ ವಿಷಯ ಬೇರೆ. ಅಲ್ಲಿ ಬ್ಯಾಣದ ಗಡಿಗೆ ತೋಡಿದ ಹಳೆಯ ಅಗಳು ಇತ್ತು, ದನ ದಾಟದಿರಲಿ ಅಂತ ತೆಗೆದ ಆಳುದ್ದದ ಕಾಲುವೆ. ಮಳೆಗಾಲ ಮುಗಿದ ಮೇಲೆ ಅದರ ಮೇಲೆಲ್ಲ ಹುಲ್ಲು ಬಾಗಿ ಮುಚ್ಚಿಕೊಂಡಿತ್ತು. ಒಂದು ಭಾನುವಾರ ಡಾಕ್ಟರ ಚೆಂಡು ಅದರೊಳಗೆ ಹೋಯಿತು. ಹಿಂದೆಯೇ ಡಾಕ್ಟರೂ ಹೋದರು. ನಾನು ಎದ್ದುಬಿದ್ದು ಓಡಿದೆ. ದೊಡ್ಡಪ್ಪ ದಡದಲ್ಲಿ ನಿಂತು ಬಿಳಿಚಿಕೊಂಡಿದ್ದರು. ಡಾಕ್ಟರ ಕಾಲು ಮುರಿದಿದೆಯೇ ಅಂತ ಅಲ್ಲ ಅವರ ಚಿಂತೆ. ಕಣ್ಣಿಗೆ ಕಾಣದ ಅಗಳು ಇಟ್ಟುಬಿಟ್ಟೆನಲ್ಲ ಅಂತ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ "ಮುಂದೆ ಅಗಳು ಇದೆ" ಅಂತ ಒಂದು ಹಲಗೆ ಬರೆಸಿ ನೆಟ್ಟರು. ಮುಂದಿನ ಭಾನುವಾರ ಡಾಕ್ಟರು ಆ ಹಲಗೆಯನ್ನು ಗಮನವಿಟ್ಟು ಓದುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. ಅಗಳು ಅಲ್ಲಿ ತಿರುವು ತೆಗೆದುಕೊಂಡಿತ್ತು. ಆಮೇಲೆ "ಹಿಂದೆಯೂ ಇದೆ" ಅಂತ ಇನ್ನೊಂದು ಹಲಗೆ ಬಂತು.

ಬ್ಯಾಣದೊಳಗೆ ಮಾತ್ರ ಇದನ್ನೆಲ್ಲ ಇಟ್ಟುಕೊಂಡಿದ್ದರೆ ನನಗೇನೂ ಇರಲಿಲ್ಲ. ಒಮ್ಮೆ ಕವಲೇದುರ್ಗ ನೋಡಲು ಹೋಗಿದ್ದೆವು. ಜನ ಕೋಟೆಯ ಕಲ್ಲಿನ ಕೆಲಸ ನೋಡಿದರೆ ಇವರು ಪ್ರತಿ ಬಾಗಿಲಿನಲ್ಲೂ ನಿಂತು ತಲೆ ಅಲ್ಲಾಡಿಸಿದರು.

"ಛೆ, ಬಾಗಿಲು ದಾಟಿದ್ರೆ ಎದುರಿಗೆ ಗೋಡೆ. ಮುಂದೆ ಏನಿದೆ ಅಂತ ಬರೋನಿಗೆ ಗೊತ್ತಾಗೋದು ಬೇಡ್ವಾ? ಶುದ್ಧ ಅನ್ಯಾಯ ಇದು."

"ಅಲ್ರೀ, ಕೋಟೆ ಕಟ್ಟಿದ್ದೇ ಬರಬಾರ್ದು ಅಂತ. ರಾಜ ಏನು ವೈರಿಗಳನ್ನ ಆಟಕ್ಕೆ ಕರೆದಿದ್ನಾ?" ಅಂದರು ದೊಡ್ಡಮ್ಮ.

"ಆದ್ರೂ ಒಂದು ಹಲಗೆ ಹಾಕ್ಬಹುದಿತ್ತು."

"ಹಾಕಿದ್ರು. ನೀವು ಬರೋದು ತಡ ಆಯ್ತು, ಗೆದ್ದಲು ತಿಂತು."

ಇನ್ನು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನಾಯಿತು ಕೇಳಿ. ಉಪ್ಪಿಟ್ಟಿನ ತಟ್ಟೆ ಇನ್ನೂ ಅರ್ಧ ಖಾಲಿಯಾಗಿರಲಿಲ್ಲ, ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಹುಡುಗಿ ಎಡಚಿ. ಕೋಪ ಜಾಸ್ತಿ. ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಕಾಣದ ಅಗಳಿಗೆ ಬಿದ್ವಿ ಅನ್ಬಾರ್ದು ನೀವು." ಅವರು ಉಳಿದರ್ಧ ಉಪ್ಪಿಟ್ಟು ಬಿಟ್ಟು ಎದ್ದು ಹೋದರು. ಎಡಚಿ ಅನ್ನುವುದು ನಿಜ, ಒಪ್ಪುತ್ತೇನೆ. ಕೋಪ ಜಾಸ್ತಿ ಅನ್ನುವುದು ಶುದ್ಧ ಸುಳ್ಳು. ಇನ್ನೂ ಯಾರಾದರೂ ಹಾಗೆ ಹೇಳುತ್ತಿದ್ದರೆ ಅವರ ಹೆಸರು ತಿಳಿಸಿ, ವಿಚಾರಿಸಿಕೊಳ್ಳುತ್ತೇನೆ.

ಆ ರಾತ್ರಿ ದೊಡ್ಡಮ್ಮ ಗಂಡನಿಗೆ ಸರಿಯಾಗಿ ಜಾಡಿಸಿದರು. ಅವರಿಬ್ಬರ ಸಂಸಾರ ನಡೆಯುತ್ತಿದ್ದದ್ದೇ ಹಾಗೆ. ಇವರು ಒಂದು ಹೇಳಬೇಕು, ಅವರು ಅದನ್ನು ಕಿತ್ತು ಹಾಕಬೇಕು. ದೊಡ್ಡಮ್ಮ ಒಂದು ದಿನ ಎದುರು ಮಾತಾಡದೆ ಇದ್ದರೆ ದೊಡ್ಡಪ್ಪ "ಮೈ ಹುಷಾರಿಲ್ವಾ?" ಅಂತ ಕೇಳುತ್ತಿದ್ದರು.

ಇಷ್ಟು ಬೈದರೂ ಆ ಒಂಬತ್ತು ಕುಳಿಗಳಿಗೆ ಜೀವ ಕೊಟ್ಟದ್ದು ದೊಡ್ಡಮ್ಮನೇ. ದೊರೆಗಳ ಮೈದಾನದಲ್ಲಿ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಇರುತ್ತದಂತೆ. ನಮ್ಮ ಬ್ಯಾಣದಲ್ಲಿ ಮಳೆ ನಿಂತು ಎರಡು ತಿಂಗಳಿಗೆ ಹುಲ್ಲೆಲ್ಲ ಒಣಗಿ ಕಡ್ಡಿ. ದೊಡ್ಡಪ್ಪ ಕೈಚೆಲ್ಲಿ ಕೂತಾಗ ದೊಡ್ಡಮ್ಮ ಭತ್ತ ಬಡಿಯುವ ಕಣ ಮಾಡುವ ಹಾಗೆ ಮಾಡಿ ಅಂದರು. ನೆಲ ಕೆತ್ತಿ, ಮಣ್ಣು ಹಾಕಿ ಬಡಿದು, ಸಗಣಿಗೆ ಮಸಿ ಕಲಸಿ ಸಾರಿಸಿದರು. ಕನ್ನಡಿಯಂಥ ಕಪ್ಪು ನೆಲ. ಪ್ರತಿ ಶನಿವಾರ ಕುಕ್ಕರಗಾಲಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತಾ ಒಂಬತ್ತೂ ಕಣಗಳನ್ನು ಅವರೇ ಸಾರಿಸುತ್ತಿದ್ದರು.

ಈಗ ಇಲ್ಲೊಂದು ಸೂಕ್ಷ್ಮ ಇದೆ. ಸಾರಿಸುವ ಕೈ ನೆಲದ ಮೇಲೆ ಅರ್ಧಚಂದ್ರದ ಹಾಗೆ ಗೆರೆ ಬಿಡುತ್ತದೆ, ನೀವು ನೋಡಿರುತ್ತೀರಿ. ನಿಧಾನವಾಗಿ ಉರುಳುವ ಚೆಂಡು ಆ ಗೆರೆ ಹಿಡಿದು ತಿರುಗುತ್ತದೆ. ದೊಡ್ಡಮ್ಮ ಬಲಗೈಯಲ್ಲಿ ಸಾರಿಸಿದ ನೆಲದಲ್ಲಿ ಚೆಂಡು ಕೊನೆಗೆ ಒಂದು ಗೇಣು ಎಡಕ್ಕೆ ಹೋಗುತ್ತಿತ್ತು. ಇದು ಡಾಕ್ಟರಿಗೆ ತಿಳಿಯಲು ಒಂದು ವರ್ಷ ಬೇಕಾಯಿತು. ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು. "ಇಲ್ಲಿ ಗಾಳಿ ನೋಡ್ಬೇಡಿ ಡಾಕ್ಟ್ರೇ, ನಮ್ಮ ಮನೆಯವಳ ಕೈ ನೋಡಿ."

ಆ ಕೈ ಬಿದ್ದುಹೋಯಿತು. ಒಂದು ಬೆಳಗ್ಗೆ ದೊಡ್ಡಮ್ಮ ಒಲೆ ಮುಂದೆ ಕುಸಿದರು. ಲಕ್ವ ಹೊಡೆದಿತ್ತು. ಮಾತು ನಿಂತಿತು, ಆಮೇಲೆ ಬಂತು. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟ ಹಾಗೇ ಇರುತ್ತಿತ್ತು. ಕಣ ಸಾರಿಸುವ ಕೆಲಸ ನನಗೆ ಬಂತು. ನಾನು ಎಡಚಿ ಅಂತ ಆಗಲೇ ಹೇಳಿದೆನಲ್ಲ. ಚೆಂಡುಗಳೆಲ್ಲ ಬಲಕ್ಕೆ ತಿರುಗತೊಡಗಿದವು. ಒಂದು ವರ್ಷದ ಅಭ್ಯಾಸ ಹಾಳಾಯಿತು ಅಂತ ಡಾಕ್ಟರು ನನ್ನ ಮೇಲೆ ಮೂರು ವಾರ ಮುನಿಸಿಕೊಂಡಿದ್ದರು.

ಕೈಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ದೊಡ್ಡಮ್ಮ ಜಗಳ ಬಿಟ್ಟುಬಿಟ್ಟರು. ದೊಡ್ಡಪ್ಪ ಏನು ಹೇಳಿದರೂ "ಹೂಂ" ಅನ್ನುತ್ತಿದ್ದರು. ಬೇಕಂತಲೇ ತಲೆಬುಡ ಇಲ್ಲದ್ದು ಹೇಳಿದರೂ "ಹೂಂ". ಮನೆ ಎಷ್ಟು ಸುಮ್ಮನಾಯಿತು ಅಂದರೆ ನನಗೆ ಶಾಲೆಯಿಂದ ಬರಲು ಮನಸ್ಸಾಗುತ್ತಿರಲಿಲ್ಲ.

ಆಗ ದೊಡ್ಡಪ್ಪ ಒಂಬತ್ತನೇ ಕುಳಿಯನ್ನು ಮತ್ತೆ ಅಗೆದರು. ಅದು ಮನೆಯ ಎದುರಿಗೇ ಇದ್ದದ್ದು, ಸುತ್ತ ಮೊಣಕಾಲೆತ್ತರದ ಒಂದು ದಿಬ್ಬ, ನಡುವೆ ಕಣ. ಆ ಕಣವನ್ನು ಬಾಣಲೆಯ ಹಾಗೆ ತಗ್ಗು ಮಾಡಿದರು. ಎಲ್ಲಿಂದ ಹೇಗೆ ತಳ್ಳಿದರೂ ಚೆಂಡು ಉರುಳಿ ನಡುವಿನ ಡಬ್ಬಕ್ಕೇ ಬೀಳಬೇಕು. ದಿಬ್ಬದ ಮೇಲೆ ಒಂದು ಮಣೆ ಇಟ್ಟು, ದೊಡ್ಡಮ್ಮನನ್ನು ಕೈಹಿಡಿದು ಕರೆತಂದು ಕೂರಿಸಿ, ಎಡಗೈಗೆ ಕೋಲು ಕೊಟ್ಟರು. ದೊಡ್ಡಮ್ಮ ತಳ್ಳಿದರು. ಚೆಂಡು ಬಿತ್ತು. ದೊಡ್ಡಪ್ಪನಿಗೆ ಆದ ಸಂತೋಷ ನೋಡಬೇಕಿತ್ತು. ಅಂದಿನಿಂದ ದಿನಾ ಸಂಜೆ ದೊಡ್ಡಮ್ಮ ಬಂದು ಕೂರುವುದು, ತಳ್ಳುವುದು, ಬೀಳುವುದು. "ಬಿತ್ತು ನೋಡೇ" ಅಂತ ಇವರು. "ಹೂಂ" ಅಂತ ಅವರು.

ಒಂದೂವರೆ ವರ್ಷ ಹೀಗೇ ಹೋಯಿತು. ಆಗ ಅಣೆಕಟ್ಟಿನ ಕೆಲಸದ ಮೇಲೆ ಬಂದಿದ್ದ ಒಬ್ಬ ದೊಡ್ಡ ಇಂಜಿನಿಯರಿಗೆ ಈ ಬ್ಯಾಣದ ಸುದ್ದಿ ಹೇಗೋ ತಲುಪಿತು. ಒಂದು ಭಾನುವಾರ ಜೀಪಿನಲ್ಲಿ ಬಂದರು. ಆಟ ಬಲ್ಲವರು. ಒಂದೊಂದೇ ಕುಳಿ ಆಡುತ್ತಾ ಹೋದ ಹಾಗೆ ಅವರ ಮುಖ ಅರಳಿತು. ಹುತ್ತದ ಹತ್ತಿರ ನಿಂತು ನಕ್ಕರು. ಅಗಳಿನ ಎರಡೂ ಹಲಗೆ ಓದಿದರು. ಕಪ್ಪು ಕಣವನ್ನು ಬಗ್ಗಿ ಮುಟ್ಟಿ ನೋಡಿದರು. ಎಂಟನೆಯದು ಮುಗಿದಾಗ, "ಯಜಮಾನರೇ, ಇದನ್ನೆಲ್ಲ ಮಾಡಿದ್ದು ಯಾರು?" ಅಂತ ಕೇಳಿದರು.

ದೊಡ್ಡಪ್ಪ ಒಂದು ಕ್ಷಣ ಪಕ್ಕಕ್ಕೆ ನೋಡಿದರು. ಎದೆ ಮುಟ್ಟಿಕೊಳ್ಳುವ ದೊರೆ ಅಲ್ಲಿ ಯಾರೂ ಇರಲಿಲ್ಲ. "ನಾನೇ," ಅಂದರು.

ಒಂಬತ್ತನೆಯದಕ್ಕೆ ಬಂದಾಗ ಇಂಜಿನಿಯರ್ ಒಂದು ಸಲ ಹೊಡೆದರು, ಬಿತ್ತು. ಬೇಕಂತಲೇ ವಾರೆಯಾಗಿ ಹೊಡೆದರು, ಬಿತ್ತು. ಕಾಲಿನಿಂದ ತಳ್ಳಿದರು, ಅದೂ ಬಿತ್ತು.

"ಇದು ಕುಳಿ ಅಲ್ಲ ಯಜಮಾನರೇ, ಬಾಣಲೆ. ತಪ್ಪೋಕೆ ಜಾಗವೇ ಇಲ್ಲದ ಮೇಲೆ ಹೊಡೆಯೋನಿಗೇನು ಕೆಲಸ? ನೀವೇ ಹೇಳಿದ್ರಲ್ಲ ನ್ಯಾಯ ಅನ್ಯಾಯ ಅಂತ. ಇದೂ ಅನ್ಯಾಯವೇ." ಆಮೇಲೆ ಹೇಳಿದರು, "ನಮ್ಮ ಕಾಲೋನಿಯಲ್ಲಿ ಒಂದು ಮೈದಾನ ಮಾಡಬೇಕು ಅಂತಿದೀನಿ. ನಿಮ್ಮ ಕೈಲೇ ಮಾಡಿಸ್ತೀನಿ, ನಿಮ್ಮ ಹೆಸರಲ್ಲೇ. ಆದ್ರೆ ಮೇಲಿನವರು ಮುಂದಿನ ಭಾನುವಾರ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಇದೊಂದನ್ನ ಸರಿ ಮಾಡಿ. ಇದನ್ನ ನೋಡಿದ್ರೆ ಮಕ್ಕಳಾಟ ಅಂದ್ಬಿಡ್ತಾರೆ."

"ಅದೊಂದು ಹಾಗೇ ಇರ್ಲಿ ಸಾರ್."

"ಯಾಕೆ?"

"ಇರ್ಲಿ."

"ಹಾಗಾದ್ರೆ ಕಷ್ಟ," ಅಂದರು ಇಂಜಿನಿಯರ್. ದೊಡ್ಡಪ್ಪ ತಲೆ ತಗ್ಗಿಸಿ ಚೀಲದ ಪಟ್ಟಿ ಸರಿಮಾಡುತ್ತಾ ನಿಂತರು. ಹದಿನೆಂಟು ವರ್ಷ ಕಾದ ಮಾತನ್ನು ಹೀಗೆ ಕೈಯಾರೆ ಬಿಟ್ಟುಕೊಟ್ಟರಲ್ಲ ಅಂತ ನಾನು ಹೊಡೆತ ಬರೆಯುವ ಪುಸ್ತಕವನ್ನು ರಪ್ಪನೆ ಮುಚ್ಚಿದೆ. ಮಣೆಯ ಮೇಲೆ ಕೂತಿದ್ದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

ಗುರುವಾರ ದೊಡ್ಡಪ್ಪ ಅಣ್ಣತಮ್ಮಂದಿರ ಒಂದು ಜಮೀನು ಪಾಲಿನ ಪಂಚಾಯಿತಿಗೆ ತೀರ್ಥಹಳ್ಳಿಗೆ ಹೋದರು. ಬಸ್ಸು ಹೋದ ಸದ್ದು ನಿಂತದ್ದೇ ದೊಡ್ಡಮ್ಮ ನನ್ನನ್ನು ಕರೆದರು.

"ಮಣ್ಣು ತಂದು ಆ ಬಾಣಲೆ ತುಂಬಿಸೇ."

"ದೊಡ್ಡಪ್ಪ ನನ್ನ ಕೊಂದು ಹಾಕ್ತಾರೆ."

"ಹಾಕ್ಲಿ. ಮೊದಲು ತುಂಬಿಸು."

ತುಂಬಿಸಿದೆ. ಬಡಿದು ಗಟ್ಟಿ ಮಾಡಿದೆ. ಶನಿವಾರ ಸಗಣಿ ಮಸಿ ಕಲಸಿಕೊಂಡು ಸಾರಿಸಲು ಕೂತೆ. "ನಿನ್ನ ಕೈ ಬೇಡ, ಏಳು," ಅಂದರು. ಗೋಡೆ ಹಿಡಿದು, ನನ್ನ ಹೆಗಲು ಹಿಡಿದು ಬಂದು ಕೂತರು. ಬಲಗೈಯನ್ನು ಎಡಗೈಯಿಂದ ಎತ್ತಿ ಬುಟ್ಟಿಗೆ ಹಾಕುತ್ತಾರೆ ಅಂದುಕೊಂಡೆ. ಹಾಗೆ ಮಾಡಲಿಲ್ಲ. ಬಲಗೈ ತಾನಾಗಿಯೇ ಹೋಯಿತು. ನಡುಗುತ್ತಿತ್ತು. ಬೆರಳು ಪೂರ್ತಿ ಬಿಡಿಸುತ್ತಿರಲಿಲ್ಲ. ಮೊದಲು ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಮುಗಿಸುತ್ತಿದ್ದ ಕಣಕ್ಕೆ ಅಂದು ಇಡೀ ಮಧ್ಯಾಹ್ನ ಬೇಕಾಯಿತು. ನಾನು ಪಕ್ಕದಲ್ಲಿ ಕೂತು ಅಳುತ್ತಿದ್ದೆ. "ಸಗಣಿಗೆ ನೀರು ಜಾಸ್ತಿ ಆಗುತ್ತೆ, ಆ ಕಡೆ ಹೋಗಿ ಅಳು," ಅಂತ ಬೈದರು. ಎಷ್ಟು ದಿನವಾಗಿತ್ತು ಅವರ ಬಾಯಿಂದ ಒಂದು ಬೈಗುಳ ಕೇಳಿ.

ಭಾನುವಾರ ಇಂಜಿನಿಯರ್ ತಮ್ಮ ಮೇಲಿನವರನ್ನು ಕರೆದುಕೊಂಡು ಬಂದೇಬಿಟ್ಟರು. ದೊಡ್ಡಪ್ಪ ಮೊದಲ ಬಸ್ಸಿಗೆ ಬಂದವರು ದಿಬ್ಬದ ಒಳಗೆ ಇಣುಕಿಯೂ ನೋಡದೆ, ಚೀಲ ಹೆಗಲಿಗೇರಿಸಿ ನೇರ ಅವರ ಜೊತೆ ಹೋದರು. ಎಂಟು ಕುಳಿ ಮುಗಿಯಿತು. ಒಂಬತ್ತನೆಯದರ ಹತ್ತಿರ ದೊಡ್ಡಪ್ಪ ಗಟ್ಟಿಯಾಗಿ, "ಇದು ಬಾಣಲೆಯೇ ಸಾರ್, ಮುಚ್ಚುಮರೆ ಇಲ್ಲ, ಹೀಗೇ ಇರುತ್ತೆ," ಅಂದವರೇ ನಡೆದು ನೋಡುವ ಗೋಜಿಗೂ ಹೋಗದೆ ಅಲ್ಲಿಂದಲೇ ಮೆಲ್ಲಗೆ ಹೊಡೆದರು. ಚೆಂಡು ದಿಬ್ಬ ಹತ್ತಿ ಇಳಿಯಿತು. ಡಬ್ಬದ ಸದ್ದು ಬರಲಿಲ್ಲ.

ಹೋಗಿ ನೋಡಿದರು. ಚೆಂಡು ಡಬ್ಬದಿಂದ ಒಂದು ಗೇಣು ಎಡಕ್ಕೆ ನಿಂತಿತ್ತು.

ದೊಡ್ಡಪ್ಪ ಚೆಂಡನ್ನು ನೋಡಿದರು. ಸಮತಟ್ಟಾದ ನೆಲ ನೋಡಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಅರ್ಧಚಂದ್ರದ ಆ ಗೆರೆಗಳ ಮೇಲೆ ಅಂಗೈ ಇಟ್ಟರು. ಗೆರೆಗಳು ಸಣ್ಣಗಿದ್ದವು, ಅಲ್ಲಲ್ಲಿ ನಡುಗಿದ್ದವು. ಆದರೆ ಯಾವ ಕೈ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನಿಂದ ಇಂಜಿನಿಯರ್, "ಈಗ ಕುಳಿ ಆಯ್ತು ನೋಡಿ, ಕೆಲಸ ನಿಮ್ಮದೇ," ಅಂದರು. ಅದು ಅವರ ಕಿವಿಗೆ ಬೀಳಲೇ ಇಲ್ಲ. ಮುಂದೆ ಕಾಲೋನಿಯ ಮೈದಾನ ಮಾಡಿದರು, ಅದರ ಬಾಗಿಲಿನ ಹಲಗೆಯ ಮೇಲೆ ದೊಡ್ಡಪ್ಪನ ಹೆಸರೂ ಬಂತು. ಆವತ್ತು ಮಾತ್ರ ಅವರಿಗೆ ಅದು ಯಾವುದೂ ಬೇಕಾಗಿರಲಿಲ್ಲ.

"ಅನ್ಯಾಯ ಕಣೇ ಇದು. ನಂಗೆ ಕಾಣದ ಹಾಗೆ ಮಾಡಿದೀಯ," ಅಂದರು ಮಣೆಯ ಕಡೆ ತಿರುಗಿ.

"ಕಾಣ್ತಿತ್ತು. ದೀಪಾವಳಿಯಿಂದ ಕಾಣ್ತಿತ್ತು," ಅಂದರು ದೊಡ್ಡಮ್ಮ. "ಬಲಗೈಲೇ ಸೆರಗು ಸಿಗಿಸ್ಕೊಳ್ತಿದ್ದೆ, ಬಲಗೈಲೇ ಲೋಟ ಹಿಡೀತಿದ್ದೆ. ನೀವು ಚೆಂಡು ಬೀಳೋದನ್ನೇ ನೋಡ್ತಾ ಕೂತ್ರೆ ನಾನೇನು ಮಾಡ್ಲಿ? ಹತ್ತಿರ ಬಂದು ನೋಡ್ಬೇಕು ಅಂತ ಊರಿಗೆಲ್ಲ ಹೇಳ್ತೀರಿ."

"ಮತ್ತೆ ಬಾಯಿಬಿಟ್ಟು ಯಾಕೆ ಹೇಳ್ಲಿಲ್ಲ?"

"ಅಷ್ಟು ಖುಷಿ ಪಡ್ತಿದ್ರಲ್ಲ, ಹೇಗೆ ಹೇಳೋದು? ಆದ್ರೆ ಒಂದು ತಿಳ್ಕೊಳ್ಳಿ, ದಿನಾ ಗೆದ್ದು ಗೆದ್ದು ನಂಗೆ ಸಾಕಾಗಿ ಹೋಗಿತ್ತು. ಇಲ್ಲಿ ಕೊಡಿ ಆ ಕೋಲು."

ದೊಡ್ಡಪ್ಪ ಎದ್ದು ಹೋಗಿ ಕೋಲನ್ನು ಬಲಗೈಗೆ ಕೊಟ್ಟರು. ದೊಡ್ಡಮ್ಮ ಹೊಡೆದರು. ಚೆಂಡು ಓಲಾಡುತ್ತಾ ಹೋಗಿ ಡಬ್ಬದ ಪಕ್ಕದಲ್ಲಿ ಎಡಕ್ಕೆ ತಿರುಗಿ ಆಚೆ ದಿಬ್ಬಕ್ಕೆ ತಾಗಿತು. ದೊಡ್ಡಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಂದ ದೊಡ್ಡ ಮನುಷ್ಯರ ಎದುರಿಗೇ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ, ನಗುತ್ತಾ, "ತಪ್ತು ಕಣೇ, ತಪ್ತು," ಅಂದರು.

ದೊಡ್ಡಮ್ಮ ಚೆಂಡು ಹೋದ ದಾರಿಯನ್ನೇ ಕೆಂಗಣ್ಣಿನಿಂದ ನೋಡಿದರು.

"ತಪ್ಪದೆ ಏನ್ರೀ ಮಾಡುತ್ತೆ? ಯಾರು ಈ ನೆಲ ಸಾರಿಸಿದ್ದು? ಒಂಚೂರೂ ಸರಿ ಇಲ್ಲ."